ಮುಚ್ಚಿದ ಬಾಗಿಲಿನ ಚರಿತ್ರೆ

ಪೇಟೆಯ ಔಷಧದ ಅಂಗಡಿಯಲ್ಲೋ, ಸಹಕಾರ ಸಂಘದ ಕಛೇರಿಯಲ್ಲೋ, ವೈದ್ಯರ ಚಿಕಿತ್ಸಾಲಯದಲ್ಲೋ ಈಚೆಗೆ ನೀವು ಸರದಿಯಲ್ಲಿ ಕಾದು ನಿಂತಿದ್ದರೆ “ಸರ್ವರ್ ಸಿಗುತ್ತಿಲ್ಲ, ಸ್ವಲ್ಪ ತಡೆಯಿರಿ” ಎಂಬ ಮಾತನ್ನು ಕೇಳಿಯೇ ಇರುತ್ತೀರಿ. ಗುಮಾಸ್ತರು ಕುಳಿತಿರುವುದು ಒಂದು ಕಂಪ್ಯೂಟರಿನ ಮುಂದೆ; ಲೆಕ್ಕವೆಲ್ಲ ಇರುವುದು ಒಳಕೋಣೆಯ ಇನ್ನೊಂದು ಕಂಪ್ಯೂಟರಿನಲ್ಲಿ. ಎರಡರ ನಡುವೆ ಇರುವುದು ಇಪ್ಪತ್ತು ಅಡಿಯ ತಂತಿ. ಆ ಇಪ್ಪತ್ತು ಅಡಿಯನ್ನು ದಾಟಲಾರದೆ ಪರದೆಯ ಮೇಲೆ ಒಂದು ವಾಕ್ಯ ಮೂಡಿ ನಿಲ್ಲುತ್ತದೆ: ಸಂಪರ್ಕವನ್ನು ನಿರಾಕರಿಸಲಾಗಿದೆ. ನಿನ್ನೆ ಸಂಜೆಯವರೆಗೆ ಸರಿಯಾಗಿಯೇ ನಡೆಯುತ್ತಿದ್ದ ವ್ಯವಹಾರ ಇಂದು ಬೆಳಿಗ್ಗೆ ಏಕೆ ನಿಂತಿತು ಎಂಬುದು ಯಾರಿಗೂ ತಿಳಿಯದು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆಂಬುದೂ ನಿಮಗೆ ಗೊತ್ತು. ತಿಳಿದವರೆನಿಸಿಕೊಂಡ ಯಾರೋ ಒಬ್ಬರು ಬರುತ್ತಾರೆ. ಕಂಪ್ಯೂಟರಿನ ಕಾವಲು ವ್ಯವಸ್ಥೆಯನ್ನು, ಅಂದರೆ ಫೈರ್‌ವಾಲನ್ನು, ಪೂರ್ತಿಯಾಗಿ ಆರಿಸಿಬಿಡುತ್ತಾರೆ. ಬಿಲ್ಲು ಮತ್ತೆ ಮುದ್ರಣವಾಗತೊಡಗುತ್ತದೆ. ಎಲ್ಲರಿಗೂ ಸಂತೋಷ. ನೆಗಡಿಯಾಯಿತೆಂದು ಮೂಗು ಕೊಯ್ಯಿಸಿಕೊಂಡವನ ಗಾದೆಯನ್ನು ಆಗ ಯಾರೂ ನೆನೆಯುವುದಿಲ್ಲ.

ಆ ನಿರಾಕರಣೆಯ ವಾಕ್ಯಕ್ಕೆ ಒಂದು ಚರಿತ್ರೆಯುಂಟು. ಒಳಕೋಣೆಯ ಯಂತ್ರವು ಪಕ್ಕದ ಕೋಣೆಯವರಿಗೂ ಬಾಗಿಲು ತೆಗೆಯದೆ ಕುಳಿತಿರುವುದು ಬಹುಮಟ್ಟಿಗೆ ಕೆಟ್ಟುಹೋದ ಕಾರಣದಿಂದಲ್ಲ. ಹಾಗೆ ಕುಳಿತಿರಬೇಕೆಂದೇ ಅದನ್ನು ಮಾಡಿದವರು ಏರ್ಪಡಿಸಿದ್ದಾರೆ. ಒಂದು ಕಾಲದಲ್ಲಿ ಈ ಬಾಗಿಲುಗಳು ತೆರೆದೇ ಇದ್ದವು. ಅವನ್ನು ಒಂದೊಂದಾಗಿ ಮುಚ್ಚಿದ್ದು ಪೆಟ್ಟು ತಿಂದ ಮೇಲೆ. ಯಾವ ಪೆಟ್ಟಿಗೆ ಯಾವ ಬಾಗಿಲು ಮುಚ್ಚಿತು ಎಂಬುದನ್ನು ಅರಿತರೆ, ನಮ್ಮ ಕೆಲಸಕ್ಕೆ ಬೇಕಾದ ಒಂದು ಬಾಗಿಲನ್ನು ಮಾತ್ರ ತೆರೆದುಕೊಂಡು ಉಳಿದವನ್ನು ಇದ್ದ ಹಾಗೆಯೇ ಬಿಡುವ ವಿವೇಕ ಬರುತ್ತದೆ.

ಮೊದಲು ಈ ಉಗ್ರಾಣ ಹುಟ್ಟಿದ ಬಗೆ. ಡೇಟಾಬೇಸ್ ಎಂದರೆ ವಿಂಗಡಿಸಿ ಇಟ್ಟ ಲೆಕ್ಕದ ಉಗ್ರಾಣ. ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವ ಉಗ್ರಾಣದವನು. ೧೯೭೦ರ ಜೂನ್ ತಿಂಗಳಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಶಾಲೆಯಲ್ಲಿದ್ದ ಇ. ಎಫ್. ಕಾಡ್ ಎಂಬುವರು ಒಂದು ಲೇಖನವನ್ನು ಪ್ರಕಟಿಸಿದರು. ಲೆಕ್ಕವನ್ನೆಲ್ಲ ಸಾಲು ಕಂಬಗಳ ಕೋಷ್ಟಕಗಳಲ್ಲಿ ಇಟ್ಟರೆ, ಅದು ಯಂತ್ರದ ಯಾವ ಮೂಲೆಯಲ್ಲಿ ಕುಳಿತಿದೆಯೆಂಬುದನ್ನು ಅರಿಯದವರೂ ಪ್ರಶ್ನೆ ಕೇಳಿ ಉತ್ತರ ಪಡೆಯಬಹುದು ಎಂಬುದು ಅದರ ಸಾರ. ಇಂದು ಅಂಗಡಿ ಕಛೇರಿಗಳಲ್ಲಿರುವ ಲೆಕ್ಕದ ಉಗ್ರಾಣಗಳಲ್ಲಿ ಬಹುಪಾಲು ಆ ಲೇಖನದ ಸಂತತಿಯೇ. ಕೆಲವು ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಅವರು ಈ ಸಿದ್ಧಾಂತದ ಮೇಲೆ ಇಂಗ್ರೆಸ್ ಎಂಬ ಡೇಟಾಬೇಸನ್ನು ಕಟ್ಟಿದರು. ಇಂದು ಹೆಸರಾಗಿರುವ ಪೋಸ್ಟ್‌ಗ್ರೆಸ್ ಮುಂದೆ ಅದೇ ಮನೆತನದಲ್ಲಿ ಹುಟ್ಟಿತು.

ಆಗಿನ ದಿನಗಳಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆಯನ್ನೇ ತುಂಬುವ ಯಂತ್ರ. ಅದಕ್ಕೆ ತಂತಿಗಳಿಂದ ಕಟ್ಟಿದ್ದ ಪರದೆ ಮತ್ತು ಕೀಲಿಮಣೆಗಳಿಗೆ ಸ್ವಂತ ಬುದ್ಧಿಯಿರಲಿಲ್ಲ. ಕೇಳುವವನೂ ಕೊಡುವವನೂ ಒಂದೇ ಮನೆಯೊಳಗಿದ್ದುದರಿಂದ ಬಾಗಿಲು ತಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ. ೧೯೭೩ರಲ್ಲಿ ಪಾಲೊ ಆಲ್ಟೊ ನಗರದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಮತ್ತು ಅವರ ಸಂಗಡಿಗರು ಈಥರ್‌ನೆಟ್ ಎಂಬ ಜೋಡಣೆಯನ್ನು ಕಂಡುಹಿಡಿದರು. ಒಂದೇ ಕಟ್ಟಡದೊಳಗಿನ ಹಲವು ಕಂಪ್ಯೂಟರುಗಳು ಪರಸ್ಪರ ಮಾತನಾಡುವುದು ಇದರಿಂದ ಸುಲಭವಾಯಿತು. ೧೯೮೦ರ ದಶಕದಲ್ಲಿ ಮೇಜಿಗೊಂದು ಸಣ್ಣ ಕಂಪ್ಯೂಟರ್ ಬಂದಮೇಲೆ ಹೊಸದೊಂದು ಏರ್ಪಾಡು ಬೆಳೆಯಿತು: ಲೆಕ್ಕ ಒಂದು ಕಡೆ, ಲೆಕ್ಕ ಕೇಳುವವರು ಹತ್ತು ಕಡೆ. ೧೯೮೭ರಲ್ಲಿ ಸೈಬೇಸ್ ಎಂಬ ಸಂಸ್ಥೆ ಇದಕ್ಕೆಂದೇ ಒಂದು ಡೇಟಾಬೇಸನ್ನು ಮಾರುಕಟ್ಟೆಗೆ ತಂದಿತು. ಮೈಕ್ರೋಸಾಫ್ಟ್ ಅದರ ಜೊತೆ ಸೇರಿ ೧೯೮೯ರಲ್ಲಿ ತನ್ನ ಎಸ್‌ಕ್ಯೂಎಲ್ ಸರ್ವರನ್ನು ಹೊರಡಿಸಿತು. ಇಂದಿನ ಔಷಧದಂಗಡಿಯ ಏರ್ಪಾಡು ಆಗ ಹುಟ್ಟಿದ್ದು. ಅದರೊಂದಿಗೆ ಬಾಗಿಲು ತಟ್ಟುವ ಕೆಲಸವೂ ಹುಟ್ಟಿತು.

ಬಾಗಿಲು ತಟ್ಟುವುದಕ್ಕೆ ಒಂದು ಶಿಷ್ಟಾಚಾರ ಬೇಕಲ್ಲವೆ? ಅದನ್ನು ಬೇರೆ ಜನ ಬೇರೆ ಉದ್ದೇಶದಿಂದ ಆಗಲೇ ಸಿದ್ಧಪಡಿಸಿದ್ದರು. ದೂರದೂರದ ಕಂಪ್ಯೂಟರ್ ಜಾಲಗಳನ್ನು ಒಂದಕ್ಕೊಂದು ಹೊಂದಿಸುವ ಬಗೆಯನ್ನು ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಅವರು ೧೯೭೪ರಲ್ಲಿ ವಿವರಿಸಿದ್ದರು. ಅದು ತಿದ್ದಿ ತೀಡಿ, ಜಾನ್ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ ೧೯೮೧ರ ಸೆಪ್ಟೆಂಬರಿನಲ್ಲಿ ಟಿಸಿಪಿ ಎಂಬ ನಿಯಮಾವಳಿಯಾಗಿ ಹೊರಬಂದಿತು. ೧೯೮೩ರ ಜನವರಿ ೧ರಂದು ಅಮೆರಿಕದ ಅರ್ಪಾನೆಟ್ ಜಾಲವು ಹಳೆಯ ಪದ್ಧತಿಯನ್ನು ಬಿಟ್ಟು ಇದಕ್ಕೆ ಬದಲಾಯಿತು. ನಿಮ್ಮ ಅಂಗಡಿಯ ಇಪ್ಪತ್ತು ಅಡಿಯ ತಂತಿಯಲ್ಲಿ ಇಂದಿಗೂ ನಡೆಯುವುದು ಅದೇ ಶಿಷ್ಟಾಚಾರ.

ಅದು ಹೀಗೆ. ಪ್ರತಿಯೊಂದು ಕಂಪ್ಯೂಟರಿಗೂ ಒಂದು ವಿಳಾಸವಿರುತ್ತದೆ. ಅದು ಮನೆಯ ನಂಬರಿದ್ದ ಹಾಗೆ. ಆ ಮನೆಗೆ ಪೋರ್ಟ್ ಎಂಬ ಹೆಸರಿನ ಬಾಗಿಲುಗಳು ಅರವತ್ತೈದು ಸಾವಿರಕ್ಕೂ ಹೆಚ್ಚು. ಯಾವ ಕೆಲಸಕ್ಕೆ ಯಾವ ಬಾಗಿಲು ಎಂಬುದಕ್ಕೆ ರೂಢಿಯುಂಟು. ಮೈಕ್ರೋಸಾಫ್ಟಿನ ಡೇಟಾಬೇಸು ೧೪೩೩ನೆಯ ಬಾಗಿಲಿನಲ್ಲಿ ಕುಳಿತರೆ ಮೈಎಸ್‌ಕ್ಯೂಎಲ್ ೩೩೦೬ರಲ್ಲಿ, ಪೋಸ್ಟ್‌ಗ್ರೆಸ್ ೫೪೩೨ರಲ್ಲಿ ಕುಳಿತಿರುತ್ತದೆ. ಕೇಳುವವನು ಬಾಗಿಲು ತಟ್ಟಿ “ಮಾತನಾಡೋಣವೆ?” ಎನ್ನುತ್ತಾನೆ. ಒಳಗಿರುವವನು “ಆಗಲಿ, ನನ್ನ ಮಾತು ಕೇಳಿಸುತ್ತಿದೆಯೆ?” ಎನ್ನುತ್ತಾನೆ. ಮೊದಲಿನವನು “ಕೇಳಿಸುತ್ತಿದೆ” ಎಂದ ಮೇಲೆ ಮಾತುಕತೆ ಮೊದಲಾಗುತ್ತದೆ. ಬಾಗಿಲ ಹಿಂದೆ ಯಾರೂ ಇಲ್ಲದಿದ್ದರೋ? ಆಗ ಆ ಮನೆಯ ಯಂತ್ರವು ಸುಮ್ಮನಿರದೆ “ಇಲ್ಲಿ ಕೇಳುವವರಿಲ್ಲ” ಎಂದು ಒಂದು ಸಣ್ಣ ಉತ್ತರ ಕಳುಹಿಸಬೇಕು ಎಂದು ನಿಯಮಾವಳಿ ಹೇಳುತ್ತದೆ. ಬಂದವನು ವೃಥಾ ಕಾಯದಿರಲಿ ಎಂಬ ಸೌಜನ್ಯ ಅದು. ನಿರಾಕರಣೆಯ ಮೂಲ ಇಲ್ಲಿದೆ.

೧೯೮೩ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದವರೇ ಯೂನಿಕ್ಸ್ ವ್ಯವಸ್ಥೆಯ ತಮ್ಮ ಹೊಸ ಆವೃತ್ತಿಯಲ್ಲಿ ಈ ಶಿಷ್ಟಾಚಾರವನ್ನು ಅಳವಡಿಸಿ ಜಗತ್ತಿಗೆ ಹಂಚಿದರು. ಬರಬಹುದಾದ ತಪ್ಪುಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಕೊಟ್ಟರು. ಉತ್ತರವೇ ಬಾರದೆ ಕಾಲ ಮೀರಿದರೆ ೬೦. ಸಂಪರ್ಕವನ್ನು ನಿರಾಕರಿಸಿದರೆ ೬೧. ಹತ್ತು ವರ್ಷಗಳ ಮೇಲೆ ಇದೇ ಏರ್ಪಾಡು ವಿಂಡೋಸಿಗೆ ಬಂದಾಗ ಹಳೆಯ ಸಂಖ್ಯೆಗಳಿಗೆ ಹತ್ತು ಸಾವಿರವನ್ನು ಕೂಡಿಸಿ ಇಟ್ಟುಕೊಂಡರು. ಇಂದು ನಿಮ್ಮ ಪರದೆಯ ಮೇಲೆ ೧೦೦೬೧ ಎಂಬ ಸಂಖ್ಯೆ ಕಂಡರೆ, ಬರ್ಕ್ಲಿಯವರು ೧೯೮೩ರಲ್ಲಿ ಹಂಚಿದ ೬೧ ಅದರೊಳಗೆ ಹಾಗೆಯೇ ಕುಳಿತಿದೆ ಎಂದು ತಿಳಿಯಿರಿ.

ಈ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸವಾದಂತೆ. ಒಂದೆರಡು ಸೆಕೆಂಡಿನಲ್ಲೇ ನಿರಾಕರಣೆ ಬಂದರೆ ಅದು ಒಂದು ರೀತಿಯಲ್ಲಿ ಶುಭಸಮಾಚಾರ. ಉತ್ತರ ಬಂದಿದೆ; ಎಂದರೆ ತಂತಿ ಸರಿಯಾಗಿದೆ, ಎದುರಿಗೊಂದು ಯಂತ್ರ ಎಚ್ಚರವಾಗಿದೆ. ಆ ಬಾಗಿಲಲ್ಲಿ ಕೇಳುವವರು ಮಾತ್ರ ಇಲ್ಲ. ಹಾಗಲ್ಲದೆ ಇಪ್ಪತ್ತು ಸೆಕೆಂಡು ಕಾದರೂ ಮೌನವೇ ಉತ್ತರವಾದರೆ ವಿಷಯ ಬೇರೆ. ವಿಳಾಸ ತಪ್ಪಿರಬೇಕು, ಯಂತ್ರ ಆರಿರಬೇಕು, ಇಲ್ಲವೆ ನಡುವೆ ಒಬ್ಬ ಕಾವಲುಗಾರ ನಿಂತು ಪ್ರಶ್ನೆಯನ್ನೇ ನುಂಗಿಬಿಡುತ್ತಿರಬೇಕು.

ಆ ಕಾವಲುಗಾರ ಎಲ್ಲಿಂದ ಬಂದ? ಈ ಚರಿತ್ರೆಯಲ್ಲಿ ಮರೆಯಬಾರದ ದಿನವೊಂದಿದೆ.

೧೯೯೦ರ ದಶಕದಲ್ಲಿ ಕಛೇರಿಗಳ ಒಳಜಾಲಗಳು ಹೊರಗಿನ ಇಂಟರ್‌ನೆಟ್ಟಿಗೆ ಸೇರತೊಡಗಿದವು. ಒಳಮನೆಯ ನಂಬಿಕೆಯಲ್ಲಿ ತೆರೆದಿಟ್ಟ ಬಾಗಿಲುಗಳು ಈಗ ಬೀದಿಗೆ ತೆರೆದುಕೊಂಡವು. ಇದನ್ನು ಗಮನಿಸಿದವರು ಕಡಿಮೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ೨೦೦೦ ಎಂಬ ಆವೃತ್ತಿಯಲ್ಲಿ ಒಂದೇ ಯಂತ್ರದೊಳಗೆ ಹಲವು ಉಗ್ರಾಣಗಳನ್ನು ಇಡುವ ಅನುಕೂಲವಿತ್ತು. ಯಾವ ಉಗ್ರಾಣ ಎಷ್ಟನೆಯ ಬಾಗಿಲಿನಲ್ಲಿದೆ ಎಂದು ಬಂದವರಿಗೆ ದಾರಿ ತೋರಿಸಲು ೧೪೩೪ನೆಯ ಬಾಗಿಲಿನಲ್ಲಿ ಒಬ್ಬ ಸೇವಕನನ್ನು ಕೂರಿಸಿದ್ದರು. ಅವನು ಕೆಲಸ ಮಾಡುತ್ತಿದ್ದುದು ಯುಡಿಪಿ ಎಂಬ ಇನ್ನೊಂದು ಪದ್ಧತಿಯಲ್ಲಿ. ಅದರಲ್ಲಿ ಬಾಗಿಲು ತಟ್ಟುವ ಶಿಷ್ಟಾಚಾರವಿಲ್ಲ. ಬೀದಿಯಿಂದ ಚೀಟಿಯನ್ನು ಒಳಕ್ಕೆ ಎಸೆದ ಹಾಗೆ. ಅಳತೆ ಮೀರಿದ ಚೀಟಿಯೊಂದನ್ನು ಎಸೆದರೆ ಈ ಸೇವಕ ಅದರಲ್ಲಿ ಬರೆದಿದ್ದನ್ನೆಲ್ಲ ಆಜ್ಞೆಯೆಂದು ನಡೆಸಿಬಿಡುತ್ತಾನೆ ಎಂಬ ದೋಷವನ್ನು ಡೇವಿಡ್ ಲಿಚ್‌ಫೀಲ್ಡ್ ಎಂಬ ತಜ್ಞರು ೨೦೦೨ರಲ್ಲಿ ಪತ್ತೆಮಾಡಿದರು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಪರಿಹಾರದ ತೇಪೆಯನ್ನು ಹೊರಡಿಸಿತು. ತೇಪೆ ಬಂದಿತು, ಹಚ್ಚಿಕೊಂಡವರು ಮಾತ್ರ ಕೆಲವರು.

ಆರು ತಿಂಗಳು ಕಳೆದವು. ೨೦೦೩ರ ಜನವರಿ ೨೫, ಶನಿವಾರ, ನಮ್ಮ ದೇಶದ ಗಡಿಯಾರದಲ್ಲಿ ಬೆಳಗಿನ ಸುಮಾರು ಹನ್ನೊಂದು ಗಂಟೆ. ಅಂಥದೊಂದು ಚೀಟಿಯನ್ನು ಯಾರೋ ಜಾಲಕ್ಕೆ ಎಸೆದರು. ಅದರ ಗಾತ್ರ ಕೇವಲ ೩೭೬ ಬೈಟುಗಳು. ಅದರಲ್ಲಿ ಬರೆದಿದ್ದ ಆಜ್ಞೆ ಇಷ್ಟೇ: ಕಣ್ಣುಮುಚ್ಚಿ ಯಾವುದಾದರೊಂದು ವಿಳಾಸವನ್ನು ಆರಿಸಿ ಇದೇ ಚೀಟಿಯ ಪ್ರತಿಯನ್ನು ಅಲ್ಲಿಗೆ ಎಸೆ, ಎಸೆಯುತ್ತಲೇ ಇರು. ಸ್ಲ್ಯಾಮರ್ ಎಂದು ಹೆಸರಾದ ಈ ಹುಳು ಮೊದಲ ನಿಮಿಷದಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಯಿತು. ಹತ್ತು ನಿಮಿಷದೊಳಗೆ, ತಗಲಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವನ್ನು ಹಿಡಿದಿತ್ತು. ಒಟ್ಟು ಸಿಕ್ಕಿಬಿದ್ದ ಯಂತ್ರಗಳು ಕಡಿಮೆಯೆಂದರೆ ೭೫,೦೦೦ ಎಂದು ಅನಂತರ ಲೆಕ್ಕ ಹಾಕಿದ ಸಂಶೋಧಕರು ಹೇಳಿದರು.

ಈ ಹುಳು ಯಾರ ಲೆಕ್ಕವನ್ನೂ ಕದಿಯಲಿಲ್ಲ, ಅಳಿಸಲಿಲ್ಲ. ಎಸೆದ ಚೀಟಿಗಳ ರಾಶಿಯಿಂದಲೇ ದಾರಿಗಳೆಲ್ಲ ಕಟ್ಟಿಹೋದವು. ದಕ್ಷಿಣ ಕೊರಿಯದಲ್ಲಿ ಇಂಟರ್‌ನೆಟ್ಟು ಗಂಟೆಗಟ್ಟಲೆ ನಿಂತುಹೋಯಿತು. ಬ್ಯಾಂಕ್ ಆಫ್ ಅಮೆರಿಕದ ಸಾವಿರಾರು ಹಣದ ಯಂತ್ರಗಳು ಗಿರಾಕಿಗಳಿಗೆ ಹಣ ಕೊಡಲಾರದೆ ಹೋದವು. ಸಿಯಾಟಲ್ ನಗರದ ಬಳಿ ತುರ್ತುಕರೆಗಳನ್ನು ಸ್ವೀಕರಿಸುವವರು ಕಾಗದ ಪೆನ್ಸಿಲ್ಲು ಹಿಡಿದು ಕೆಲಸ ಮಾಡಬೇಕಾಯಿತು. ಓಹಾಯೊ ರಾಜ್ಯದ ಡೇವಿಸ್-ಬೆಸ್ಸೆ ಪರಮಾಣು ವಿದ್ಯುದಾಗಾರದಲ್ಲಿ ಸುರಕ್ಷತೆಯ ಅಂಕಿಗಳನ್ನು ತೋರಿಸುವ ಫಲಕವು ಸುಮಾರು ಐದು ಗಂಟೆಗಳ ಕಾಲ ಕುರುಡಾಗಿತ್ತು. ಪುಣ್ಯವಶಾತ್ ಅಲ್ಲಿನ ಸ್ಥಾವರವನ್ನು ದುರಸ್ತಿಗಾಗಿ ಹಿಂದಿನ ವರ್ಷವೇ ನಿಲ್ಲಿಸಲಾಗಿತ್ತು. ಆ ಆಗಾರಕ್ಕೆ ಫೈರ್‌ವಾಲಿನ ಕಾವಲಿತ್ತು. ಅದು ಈ ಬಾಗಿಲಿನ ಸಂಚಾರವನ್ನು ತಡೆಯುತ್ತಲೂ ಇತ್ತು. ಆದರೆ ಗುತ್ತಿಗೆದಾರರೊಬ್ಬರ ಅನುಕೂಲಕ್ಕಾಗಿ ಆ ಕಾವಲನ್ನು ಬಳಸಿ ಹೋಗುವ ಬೇರೊಂದು ತಂತಿಯನ್ನು ಎಳೆದಿದ್ದರು. ಹುಳು ಬಂದದ್ದು ಆ ತಂತಿಯಲ್ಲಿ.

ಇಷ್ಟೊಂದು ಯಂತ್ರಗಳು ಸಿಕ್ಕಿಬಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಮೈಕ್ರೋಸಾಫ್ಟಿನ ಡೇಟಾಬೇಸಿನ ಒಂದು ಚಿಕ್ಕ ರೂಪವನ್ನು ಬೇರೆ ಬೇರೆ ತಂತ್ರಾಂಶಗಳೊಳಗೆ ಸೇರಿಸಿ ಹಂಚಲಾಗುತ್ತಿತ್ತು. ಯಾವುದೋ ಕೆಲಸಕ್ಕೆಂದು ಒಂದು ತಂತ್ರಾಂಶವನ್ನು ಹಾಕಿಕೊಂಡವರಿಗೆ ತಮ್ಮ ಯಂತ್ರದೊಳಗೆ ಒಂದು ಉಗ್ರಾಣವಿದೆಯೆಂಬುದೂ, ಅದರ ಬಾಗಿಲು ಹಗಲಿರುಳು ತೆರೆದಿದೆಯೆಂಬುದೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಬಾಗಿಲಿಗೆ ಅಗುಳಿ ಹಾಕುವವರು ಯಾರು?

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯನ್ನು ನಾವು ಹಾಸ್ಯಕ್ಕೆ ಹೇಳುತ್ತೇವೆ. ಆದರೆ ಮುಂದೆ ಬರಬಹುದಾದ ಕೊಳ್ಳೆಗೆ ಅದೂ ಒಂದು ರಕ್ಷಣೆಯೇ. ೨೦೦೨ರ ಜನವರಿಯಲ್ಲೇ ಬಿಲ್ ಗೇಟ್ಸ್ ಅವರು ಹೊಸ ಸೌಕರ್ಯಗಳಿಗಿಂತ ಭದ್ರತೆಗೆ ಮೊದಲ ಮಣೆ ಕೊಡಬೇಕೆಂದು ತಮ್ಮ ಸಂಸ್ಥೆಯವರಿಗೆ ಬರೆದಿದ್ದರು. ಸ್ಲ್ಯಾಮರ್ ಹಾವಳಿಯೂ ಅದೇ ೨೦೦೩ರ ಆಗಸ್ಟಿನಲ್ಲಿ ಬಂದ ಬ್ಲಾಸ್ಟರ್ ಎಂಬ ಹುಳುವಿನ ಹಾವಳಿಯೂ ಆ ಮಾತಿಗೆ ಬಲ ಕೊಟ್ಟವು. ವಿಂಡೋಸ್ ಎಕ್ಸ್‌ಪಿ ೨೦೦೧ರಲ್ಲಿ ಬಂದಾಗ ಅದರೊಳಗೆ ಕಾವಲುಗಾರನಿದ್ದರೂ ಅವನನ್ನು ಮಲಗಿಸಿಯೇ ಕಳುಹಿಸಿದ್ದರು. ೨೦೦೪ರ ಆಗಸ್ಟಿನಲ್ಲಿ ಬಂದ ಎರಡನೆಯ ಪರಿಷ್ಕರಣದೊಂದಿಗೆ ಅವನು ಎದ್ದು ಕುಳಿತ. ಅಂದಿನಿಂದ, ನೀವಾಗಿ ಅಪ್ಪಣೆ ಕೊಟ್ಟ ಬಾಗಿಲುಗಳನ್ನು ಬಿಟ್ಟು ಉಳಿದ ಕಡೆ ಹೊರಗಿನಿಂದ ತಟ್ಟಿದರೆ ವಿಂಡೋಸು ಮೌನ ವಹಿಸುತ್ತದೆ.

ಉಗ್ರಾಣದವರೂ ಸುಮ್ಮನಿರಲಿಲ್ಲ. ೨೦೦೫ರ ಜನವರಿಯಲ್ಲಿ ಬಂದ ಪೋಸ್ಟ್‌ಗ್ರೆಸ್ಸಿನ ಎಂಟನೆಯ ಆವೃತ್ತಿಯಲ್ಲಿ ಯಾವ ವಿಳಾಸಕ್ಕೆ ಬಂದ ಕರೆಗೆ ಕಿವಿಗೊಡಬೇಕೆಂದು ಬರೆದಿಡುವ ಒಂದು ಸಾಲು ಸೇರಿತು. ನೀವು ಬದಲಾಯಿಸದ ಹೊರತು ಅದರಲ್ಲಿರುವುದು ತನ್ನದೇ ಯಂತ್ರದ ಹೆಸರು ಮಾತ್ರ. ಅದೇ ವರ್ಷದ ಎಸ್‌ಕ್ಯೂಎಲ್ ಸರ್ವರಿನಲ್ಲಿ, ಸಣ್ಣ ಅಂಗಡಿಗಳು ಬಳಸುವ ಉಚಿತ ಎಕ್ಸ್‌ಪ್ರೆಸ್ ರೂಪವು ಹೊರಗಿನ ಕರೆಗಳಿಗೆ ಕಿವಿ ಮುಚ್ಚಿಕೊಂಡೇ ಹುಟ್ಟಿತು. ಡೆಬಿಯನ್, ಉಬುಂಟು ವ್ಯವಸ್ಥೆಗಳ ಜೊತೆ ಬರುವ ಮೈಎಸ್‌ಕ್ಯೂಎಲ್ಲಿಗೂ ೧೨೭.೦.೦.೧ ಎಂಬ ವಿಳಾಸವನ್ನು ಬರೆದಿಟ್ಟಿರುತ್ತಾರೆ. ಈ ವಿಳಾಸದ ಅರ್ಥ “ನಾನೇ” ಎಂದು. ಪ್ರತಿಯೊಂದು ಯಂತ್ರವೂ ತನ್ನನ್ನು ತಾನು ಕರೆದುಕೊಳ್ಳುವ ಹೆಸರು ಅದು. ಅಲ್ಲಿ ಮಾತ್ರ ಕಿವಿಗೊಟ್ಟ ಉಗ್ರಾಣಕ್ಕೆ ಪಕ್ಕದ ಕೋಣೆಯ ಕೂಗೂ ಕೇಳಿಸದು.

ಈ ಪಾಠವನ್ನು ಕಲಿಯದೆ ಉಳಿದವರ ಗತಿಯೂ ಚರಿತ್ರೆಯಲ್ಲಿದೆ. ೨೦೦೯ರಲ್ಲಿ ಬಂದ ಮಾಂಗೊಡಿಬಿ ಎಂಬ ಡೇಟಾಬೇಸು ಬೇಗನೆ ಹೆಸರು ಮಾಡಿತು. ಅದನ್ನು ಸ್ಥಾಪಿಸಿದವರಲ್ಲಿ ಎಷ್ಟೋ ಮಂದಿ ಗುಪ್ತಪದವನ್ನೂ ಇಡದೆ ೨೭೦೧೭ನೆಯ ಬಾಗಿಲನ್ನು ಇಡೀ ಜಗತ್ತಿಗೆ ತೆರೆದಿಟ್ಟಿದ್ದರು. ೨೦೧೬ರ ಕೊನೆಯಿಂದ ೨೦೧೭ರ ಜನವರಿಯವರೆಗೆ ದುಷ್ಕರ್ಮಿಗಳು ಅಂಥ ಬಾಗಿಲುಗಳನ್ನು ಹುಡುಕಿ ಒಳಹೊಕ್ಕು, ಲೆಕ್ಕವನ್ನೆಲ್ಲ ಅಳಿಸಿ, ಹಣ ಕೊಟ್ಟರೆ ಹಿಂತಿರುಗಿಸುವುದಾಗಿ ಚೀಟಿ ಬರೆದಿಟ್ಟು ಹೋದರು. ಹೀಗೆ ಸೂರೆಹೋದ ಉಗ್ರಾಣಗಳ ಸಂಖ್ಯೆ ಕೆಲವೇ ದಿನಗಳಲ್ಲಿ ಇಪ್ಪತ್ತು ಸಾವಿರವನ್ನು ಮೀರಿತು. ಹಣ ಕೊಟ್ಟವರಲ್ಲಿಯೂ ಅನೇಕರಿಗೆ ಲೆಕ್ಕ ಹಿಂದಕ್ಕೆ ಬರಲಿಲ್ಲ. ಕದ್ದವರು ಅದನ್ನು ಇಟ್ಟುಕೊಂಡೇ ಇರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬಂದ ಹೊಸ ಆವೃತ್ತಿಯಿಂದ ಮಾಂಗೊಡಿಬಿಯೂ ತನ್ನ ಮನೆಯವರಿಗೆ ಮಾತ್ರ ಕಿವಿಗೊಡುವುದನ್ನು ಕಲಿಯಿತು.

ಈಗ ಔಷಧದಂಗಡಿಗೆ ಹಿಂದಿರುಗೋಣ. ಚರಿತ್ರೆ ಯಾವ ಕ್ರಮದಲ್ಲಿ ಬಾಗಿಲುಗಳನ್ನು ಕಟ್ಟಿತೋ ಅದನ್ನು ಹಿಡಿದು ಹೋದರೆ ತೊಂದರೆಯ ಮೂಲ ತಾನಾಗಿ ಸಿಗುತ್ತದೆ.

ಮೊದಲು ಪರದೆಯ ಮೇಲಿನ ಮಾತನ್ನು ಪೂರ್ತಿಯಾಗಿ ಓದಿ ಬರೆದುಕೊಳ್ಳಿ. ನಿರಾಕರಣೆಯೋ, ಮೌನವೋ? ಬಳಿಕ ಒಳಕೋಣೆಗೆ ಹೋಗಿ, ಉಗ್ರಾಣವಿರುವ ಯಂತ್ರದಿಂದಲೇ ಉಗ್ರಾಣವನ್ನು ಕರೆದು ನೋಡಿ. ಅಲ್ಲಿಯೂ ಉತ್ತರವಿಲ್ಲವಾದರೆ ತಂತಿಯನ್ನಾಗಲಿ ಕಾವಲನ್ನಾಗಲಿ ದೂರಿ ಫಲವಿಲ್ಲ. ಉಗ್ರಾಣದವನು ಎದ್ದೇ ಇಲ್ಲ. ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಡೇಟಾಬೇಸಿನ ಸೇವೆ ತಾನಾಗಿ ಮೊದಲಾಗದಿರುವುದುಂಟು. ಡಿಸ್ಕು ತುಂಬಿಹೋದರೂ ಅದು ಏಳಲಾರದು. ಅದನ್ನು ಎಬ್ಬಿಸುವುದೇ ಪರಿಹಾರ.

ಒಳಗೆ ಉತ್ತರ ಬರುತ್ತದೆ, ಹೊರಗಿನಿಂದ ಬರುವುದಿಲ್ಲ ಎಂದಾದರೆ ಎರಡನೆಯ ಹೆಜ್ಜೆ. ಯಾವ ಬಾಗಿಲಲ್ಲಿ ಯಾರು ಕಿವಿಗೊಟ್ಟು ಕುಳಿತಿದ್ದಾರೆಂಬ ಪಟ್ಟಿಯನ್ನು ಕೊಡುವ ನೆಟ್‌ಸ್ಟ್ಯಾಟ್ ಎಂಬ ಉಪಕರಣವುಂಟು. ಇದೂ ಬರ್ಕ್ಲಿಯವರ ಕಾಲದ್ದೇ. ಪಟ್ಟಿಯಲ್ಲಿ ನಿಮ್ಮ ಡೇಟಾಬೇಸಿನ ಬಾಗಿಲಿನ ಮುಂದೆ ೧೨೭.೦.೦.೧ ಎಂದಷ್ಟೇ ಇದ್ದರೆ ಕಾರಣ ಸಿಕ್ಕಿದಂತಾಯಿತು. ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಆದರೆ ಅದರ ವ್ಯವಸ್ಥಾಪತ್ರದಲ್ಲಿ ಆ ಯಂತ್ರದ ಒಳಜಾಲದ ವಿಳಾಸವನ್ನು ಬರೆಯಬೇಕು. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಆದರೆ ಕಾನ್ಫಿಗರೇಶನ್ ಮ್ಯಾನೇಜರ್ ಎಂಬಲ್ಲಿ ಟಿಸಿಪಿಯನ್ನು ಜಾರಿಗೊಳಿಸಬೇಕು. ಎರಡರಲ್ಲಿಯೂ ಸೇವೆಯನ್ನು ಒಮ್ಮೆ ನಿಲ್ಲಿಸಿ ಮೊದಲುಮಾಡಿದ ಮೇಲೆಯೇ ಬದಲಾವಣೆ ಊರ್ಜಿತವಾಗುತ್ತದೆ. ಇದನ್ನು ಮರೆತು ಇಡೀ ದಿನವನ್ನು ಕಳೆದವರುಂಟು.

ಮೂರನೆಯದು ಬಾಗಿಲಿನ ಸಂಖ್ಯೆ. ಎಕ್ಸ್‌ಪ್ರೆಸ್ ರೂಪವು ಸಾಮಾನ್ಯವಾಗಿ ೧೪೩೩ರಲ್ಲಿ ಕೂರುವುದಿಲ್ಲ. ಖಾಲಿಯಿರುವ ಯಾವುದೋ ಒಂದು ಬಾಗಿಲನ್ನು ತಾನೇ ಆರಿಸಿಕೊಳ್ಳುತ್ತದೆ. ಅದನ್ನು ತೋರಿಸುವವನು ೧೪೩೪ರಲ್ಲಿ ಕೂರುವ ಸೇವಕ. ಸ್ಲ್ಯಾಮರ್ ಹುಳು ಹೊಕ್ಕಿದ್ದು ಅವನ ಬಾಗಿಲಿನಿಂದಲೇ. ಇಂದು ಅವನ ಹೆಸರು ಎಸ್‌ಕ್ಯೂಎಲ್ ಬ್ರೌಸರ್. ಅವನು ಮಲಗಿದ್ದರೆ ದಾರಿ ತೋರಿಸುವವರಿಲ್ಲ. ಅವನನ್ನು ಎಬ್ಬಿಸುವುದಕ್ಕಿಂತ ಡೇಟಾಬೇಸಿಗೆ ಒಂದು ನಿಶ್ಚಿತವಾದ ಬಾಗಿಲನ್ನು ಗೊತ್ತುಮಾಡಿ, ಕೇಳುವ ಯಂತ್ರಗಳಿಗೆ ಆ ಸಂಖ್ಯೆಯನ್ನು ಬರೆದುಕೊಡುವುದು ಒಳ್ಳೆಯದು. ಆಗ ತೆರೆಯಬೇಕಾದ ಬಾಗಿಲು ಒಂದೇ ಆಗುತ್ತದೆ.

ನಾಲ್ಕನೆಯದು ವಿಳಾಸ. ಅಂಗಡಿಯ ಯಂತ್ರಗಳ ವಿಳಾಸ ಸಾಮಾನ್ಯವಾಗಿ ೧೯೨.೧೬೮ ಎಂದು ಮೊದಲಾಗುತ್ತದೆ. ಒಳಮನೆಗಳ ಬಳಕೆಗೆಂದೇ ೧೯೯೬ರ ಫೆಬ್ರುವರಿಯ ನಿಯಮಾವಳಿಯಲ್ಲಿ ಗೊತ್ತುಮಾಡಿದ ವಿಳಾಸಗಳಲ್ಲಿ ಅದೊಂದು. ಇವನ್ನು ಹಂಚುವುದು ರೌಟರ್ ಪೆಟ್ಟಿಗೆ. ಅದು ಆರಿ ಹತ್ತಿದಾಗ ನಿನ್ನೆ ಕೊಟ್ಟ ವಿಳಾಸವನ್ನೇ ಇಂದೂ ಕೊಡುತ್ತದೆಂಬ ಭರವಸೆಯಿಲ್ಲ. ಉಗ್ರಾಣದ ಯಂತ್ರಕ್ಕೆ ಬದಲಾಗದ ವಿಳಾಸವೊಂದನ್ನು ಕಾಯ್ದಿರಿಸಿದರೆ ಈ ತಾಪತ್ರಯ ತಪ್ಪುತ್ತದೆ. ಎದುರಿನ ಯಂತ್ರ ಬದುಕಿದೆಯೇ ಎಂದು ನೋಡಲು ಪಿಂಗ್ ಎಂಬ ಉಪಕರಣವನ್ನು ಬಳಸುವುದು ರೂಢಿ. ಅಮೆರಿಕದ ಸೈನ್ಯದ ಪ್ರಯೋಗಶಾಲೆಯೊಂದರಲ್ಲಿದ್ದ ಮೈಕ್ ಮ್ಯೂಸ್ ಎಂಬುವರು ೧೯೮೩ರ ಡಿಸೆಂಬರಿನಲ್ಲಿ ಅದನ್ನು ಬರೆದರು. ಜಲಾಂತರ್ಗಾಮಿಗಳನ್ನು ಹುಡುಕುವ ಯಂತ್ರದ ಸದ್ದಿನಿಂದ ಬಂದ ಹೆಸರು ಅದು. ಆದರೆ ಪಿಂಗಿಗೆ ಉತ್ತರ ಬಂದರೆ ಮನೆಯಲ್ಲಿ ಜನರಿದ್ದಾರೆಂದು ತಿಳಿಯುವುದೇ ಹೊರತು ಉಗ್ರಾಣದ ಬಾಗಿಲು ತೆರೆದಿದೆಯೆಂದು ತಿಳಿಯುವುದಿಲ್ಲ. ವಿಂಡೋಸಿನ ಕಾವಲು ಪಿಂಗಿಗೂ ಮೌನ ವಹಿಸಬಹುದಾದ್ದರಿಂದ ಉತ್ತರ ಬಾರದಿದ್ದ ಮಾತ್ರಕ್ಕೆ ಯಂತ್ರ ಸತ್ತಿದೆಯೆಂದೂ ಹೇಳುವಂತಿಲ್ಲ.

ಕಾವಲುಗಾರನ ಸರದಿ ಕೊನೆಗೆ. ಮೌನವೇ ನಿಮ್ಮ ತೊಂದರೆಯಾಗಿದ್ದು, ಉಗ್ರಾಣದವನು ಎದ್ದು ಸರಿಯಾದ ವಿಳಾಸದಲ್ಲಿ ಕಿವಿಗೊಟ್ಟು ಕುಳಿತಿರುವುದು ಖಚಿತವಾಗಿದ್ದರೆ, ಕಾರಣ ಬಹುಶಃ ಫೈರ್‌ವಾಲೇ. ವಿಂಡೋಸು ತಾನಿರುವ ಜಾಲವನ್ನು ಮನೆಯದು, ಸಾರ್ವಜನಿಕವಾದದ್ದು ಎಂದು ಬೇರ್ಪಡಿಸಿ ನೋಡುತ್ತದೆ. ಹೊಸ ರೌಟರನ್ನು ತಂದಿಟ್ಟ ದಿನ ಅದು ನಿಮ್ಮ ಅಂಗಡಿಯನ್ನೇ ರೈಲು ನಿಲ್ದಾಣವೆಂದು ಭಾವಿಸಿ, ಹಿಂದೆ ಕೊಟ್ಟಿದ್ದ ಅಪ್ಪಣೆಗಳನ್ನು ಅಲ್ಲಿ ನಡೆಸದಿರಬಹುದು. ಜಾಲವನ್ನು ಮನೆಯದೆಂದು ತಿಳಿಸಿ. ನಿಮ್ಮ ಡೇಟಾಬೇಸಿನ ಒಂದು ಬಾಗಿಲಿಗೆ ಮಾತ್ರ, ನಿಮ್ಮ ಒಳಜಾಲದ ವಿಳಾಸಗಳಿಂದ ಬರುವವರಿಗೆ ಮಾತ್ರ, ಒಳಬರಲು ಅಪ್ಪಣೆ ಕೊಡಿ. ಇಡೀ ಕಾವಲನ್ನು ಆರಿಸುವುದಕ್ಕೂ ಇದಕ್ಕೂ ಹಿಡಿಯುವ ಸಮಯದಲ್ಲಿ ವ್ಯತ್ಯಾಸ ಐದು ನಿಮಿಷ.

ಇಷ್ಟಾದ ಮೇಲೆ “ನಿಮ್ಮ ಯಂತ್ರಕ್ಕೆ ಇಲ್ಲಿ ಪ್ರವೇಶವಿಲ್ಲ” ಎಂದೋ “ಗುಪ್ತಪದ ತಪ್ಪು” ಎಂದೋ ಮಾತು ಬಂದರೆ ಗಾಬರಿ ಬೇಡ. ಬಾಗಿಲು ತೆರೆದಿದೆ, ಉಗ್ರಾಣದವನೇ ಎದುರಿಗೆ ಬಂದು ಮಾತನಾಡುತ್ತಿದ್ದಾನೆ. ಪೋಸ್ಟ್‌ಗ್ರೆಸ್ಸಿಗೂ ಮೈಎಸ್‌ಕ್ಯೂಎಲ್ಲಿಗೂ ಯಾರು ಎಲ್ಲಿಂದ ಬಂದರೆ ಒಳಗೆ ಬಿಡಬೇಕೆಂಬ ತಮ್ಮವೇ ಪಟ್ಟಿಗಳಿವೆ. ಅದರಲ್ಲಿ ಗುಮಾಸ್ತರ ಹೆಸರನ್ನು ಸೇರಿಸಿದರೆ ಕೆಲಸ ಮುಗಿಯಿತು.

ಎರಡು ಎಚ್ಚರಿಕೆಯ ಮಾತುಗಳು ಉಳಿದಿವೆ. ಮನೆಯಿಂದಲೇ ಅಂಗಡಿಯ ಲೆಕ್ಕ ನೋಡುವ ಆಸೆಗೆ, ಡೇಟಾಬೇಸಿನ ಬಾಗಿಲನ್ನು ರೌಟರಿನ ಮೂಲಕ ಹೊರಗಿನ ಇಂಟರ್‌ನೆಟ್ಟಿಗೆ ತೆರೆದುಕೊಡಿ ಎಂದು ಯಾರಾದರೂ ಸಲಹೆಯಿತ್ತರೆ ಒಪ್ಪಬೇಡಿ. ೨೦೧೭ರಲ್ಲಿ ಲೆಕ್ಕ ಕಳೆದುಕೊಂಡವರ ಬಾಗಿಲುಗಳು ಬೀದಿಗೆ ತೆರೆದಿದ್ದವು. ಹಾಗೆ ದೂರದಿಂದ ನೋಡಲೇಬೇಕಾದರೆ ಅದಕ್ಕೆ ಗುಪ್ತಮಾರ್ಗದ ಬೇರೆ ಏರ್ಪಾಡುಗಳುಂಟು, ತಿಳಿದವರಿಂದ ಮಾಡಿಸಿಕೊಳ್ಳಿ. ಇನ್ನೊಂದು, ಅವಸರದಲ್ಲಿ ತೆರೆದ ಬಾಗಿಲು ಮರೆತುಹೋಗುತ್ತದೆ. ಓಹಾಯೊದ ವಿದ್ಯುದಾಗಾರಕ್ಕೆ ಹುಳು ಬಂದದ್ದು ಅನುಕೂಲಕ್ಕೆಂದು ಎಳೆದ ತಂತಿಯಿಂದ ಎಂಬುದನ್ನು ನೆನೆಯಿರಿ.

ಆದುದರಿಂದ ಉಗ್ರಾಣದ ಯಂತ್ರದ ಪಕ್ಕದಲ್ಲಿ ಒಂದು ಚಿಕ್ಕ ನೋಟುಪುಸ್ತಕವನ್ನು ದಾರ ಕಟ್ಟಿ ತೂಗುಹಾಕಿರಿ. ಯಂತ್ರದ ವಿಳಾಸ, ಡೇಟಾಬೇಸಿನ ಬಾಗಿಲಿನ ಸಂಖ್ಯೆ, ಯಾವ ದಿನ ಯಾವ ಅಪ್ಪಣೆಯನ್ನು ಯಾರು ಏತಕ್ಕಾಗಿ ಕೊಟ್ಟರು ಎಂಬುದು ಅದರಲ್ಲಿರಲಿ. ಬೇಡವಾದ ಅಪ್ಪಣೆಯನ್ನು ಹಿಂತೆಗೆದುಕೊಂಡ ದಿನವನ್ನೂ ಬರೆಯಿರಿ. ಮುಂದಿನ ಸಲ ಪರದೆಯ ಮೇಲೆ ಆ ವಾಕ್ಯ ಮೂಡಿದಾಗ ಮೊದಲು ತೆರೆಯಬೇಕಾದದ್ದು ಆ ಪುಸ್ತಕ.